ಪಾಂಡುರೋಗವೂ ಇಲಿಯ ಸಾಕ್ಷ್ಯವೂ

ವಾರಕ್ಕೊಂದು ದಿನ ಮಧ್ಯಾಹ್ನದ ಊಟವಾದ ಮೇಲೆ ಪ್ರೌಢಶಾಲೆಯ ಮಕ್ಕಳಿಗೆ ನೀಲಿ ಬಣ್ಣದ ಗುಳಿಗೆಯನ್ನೂ ಕಿರಿಯ ಮಕ್ಕಳಿಗೆ ತಿಳಿಗೆಂಪಿನ ಗುಳಿಗೆಯನ್ನೂ ಕೊಡುವ ಪದ್ಧತಿ ಈಗ ಉಪಾಧ್ಯಾಯ ವರ್ಗಕ್ಕೆ ಚೆನ್ನಾಗಿ ಪರಿಚಿತವಾದುದೇ ಆಗಿದೆ. ಗುಳಿಗೆಗಳನ್ನು ಎಣಿಸಿ ಕೊಡುತ್ತಾರೆ. ಮಕ್ಕಳು ನೀರು ಕುಡಿದು ನುಂಗುತ್ತಾರೆ. ವಹಿಯಲ್ಲಿ ಗುರುತು ಬೀಳುತ್ತದೆ. ಎಷ್ಟು ಗುಳಿಗೆಗಳು ಬಂದವು, ಎಷ್ಟು ವೆಚ್ಚವಾದವು, ಎಷ್ಟು ಉಳಿದವು ಎಂಬ ಮೂರು ಪ್ರಶ್ನೆಗಳಿಗೂ ಆ ವಹಿ ತಪ್ಪದೆ ಉತ್ತರ ಹೇಳುತ್ತದೆ. ನುಂಗಿದ ಗುಳಿಗೆಯೊಳಗಣ ಕಬ್ಬಿಣವು ಮಗುವಿನ ರಕ್ತವನ್ನು ಸೇರಿತೇ ಎಂಬ ನಾಲ್ಕನೆಯ ಪ್ರಶ್ನೆಗೆ ಮಾತ್ರ ಅದರಲ್ಲಿ ಸಾಮಾನ್ಯವಾಗಿ ಉತ್ತರ ದೊರೆಯದು. ಗುಳಿಗೆಯನ್ನು ಹಂಚಿದ್ದೇ ಚಿಕಿತ್ಸೆಯಾಯಿತೆಂದು ಭಾವಿಸಿ ಸುಮ್ಮನಾಗುವುದು ಸರಿಯಲ್ಲ, ಬಿಳಿಚಿಕೊಂಡ ಮಗುವಿನ ರಕ್ತವನ್ನು ಮತ್ತೊಮ್ಮೆ ಅಳೆದು ನೋಡುವವರೆಗೆ ಶಾಲೆಯ ಕರ್ತವ್ಯ ಅರ್ಧ ಮಾತ್ರ ನೆರವೇರಿದಂತೆ ಎಂಬುದನ್ನು ಪ್ರತಿಪಾದಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ಮುಖ್ಯ ಸಾಕ್ಷಿಯಾಗಿ ಕರೆಯಬೇಕಾದುದು ಒಂದು ಅಲ್ಪಪ್ರಾಣಿಯನ್ನು, ಇಲಿಯನ್ನು, ಎಂಬುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು.

ಮೊದಲು ರೋಗದ ವಿಸ್ತಾರವನ್ನು ಗಮನಿಸಬೇಕು. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿನಿಂದ 59 ತಿಂಗಳವರೆಗಿನ ಶಿಶುಗಳ ಪೈಕಿ ನೂರಕ್ಕೆ 65.5ರಷ್ಟು, 15ರಿಂದ 49 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ 47.8ರಷ್ಟು ಮಂದಿ ರಕ್ತಹೀನರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಎರಡು ಸಂಖ್ಯೆಗಳೂ ಇದಕ್ಕಿಂತ ಕಡಮೆಯಾಗಿದ್ದವು. ರಕ್ತಹೀನತೆಯ ನಿವಾರಣೆಗೆಂದು ಭಾರತದಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾದದ್ದು 1970ರಲ್ಲಿ. ಅರ್ಧ ಶತಮಾನ ಗುಳಿಗೆ ಹಂಚಿದ ಮೇಲೂ ಸಂಖ್ಯೆ ಇಳಿಯದೆ ಏರಿತೆಂದರೆ ಎಲ್ಲೋ ಒಂದು ಕೊಂಡಿ ಕಳಚಿದೆ ಎನ್ನದೆ ವಿಧಿಯಿಲ್ಲ.

2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಅನಂತರ ಬೇರೆ ಜಿಲ್ಲೆಯಾದ ಚಿಕ್ಕಬಳ್ಳಾಪುರದ ಸೀಮೆಯನ್ನೇ ನೋಡಬಹುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳೂ ರಾಗಿಯ ನಾಡು. ಮುದ್ದೆ, ಬಸ್ಸಾರು, ಹುರುಳಿಕಟ್ಟಿನ ಸಾರು, ಅವರೆಕಾಳು, ನುಗ್ಗೆಸೊಪ್ಪು ಇಲ್ಲಿಯ ಜನರ ನಿತ್ಯಾಹಾರ. ನೂರು ಗ್ರಾಂ ರಾಗಿಯಲ್ಲಿ 4 ಮಿಲಿಗ್ರಾಂಗೆ ಮೇಲ್ಪಟ್ಟು ಕಬ್ಬಿಣವಿದೆ. ಪಾಲಿಷು ಮಾಡಿದ ಅಕ್ಕಿಯಲ್ಲಿ ಅದರ ಒಂದು ಸಣ್ಣ ಪಾಲೂ ಇಲ್ಲ. ಮುದ್ದೆ ಉಂಡು ಬೆಳೆದ ಮಗುವೂ ಬಿಳಿಚಿಕೊಳ್ಳುವುದೇಕೆ? ತಟ್ಟೆಯಲ್ಲಿರುವ ಕಬ್ಬಿಣವೇ ಬೇರೆ, ರಕ್ತದಲ್ಲಿರುವ ಕಬ್ಬಿಣವೇ ಬೇರೆ. ಇವೆರಡರ ನಡುವೆ ದಾಟಬೇಕಾದ ಬಾಗಿಲುಗಳುಂಟು ಎಂಬುದೇ ಅದಕ್ಕೆ ಉತ್ತರ. ಆ ಬಾಗಿಲುಗಳು ಎಲ್ಲಿವೆ, ಹೇಗೆ ತೆರೆಯುತ್ತವೆ ಎಂಬುದನ್ನು ತೋರಿಸಿಕೊಟ್ಟದ್ದು ಇಲಿ.

ಪ್ರಾಚೀನರು ಈ ರೋಗವನ್ನು ಅರಿಯದವರಲ್ಲ. ಆಯುರ್ವೇದದಲ್ಲಿ ಇದಕ್ಕೆ ಪಾಂಡುರೋಗವೆಂದು ಹೆಸರು. ಚರಕಸಂಹಿತೆಯು ಪಾಂಡುವಿನ ಐದು ಪ್ರಭೇದಗಳನ್ನು ಹೇಳುತ್ತದೆ. ಐದನೆಯದು ಮೃದ್ಭಕ್ಷಣದಿಂದ, ಎಂದರೆ ಮಣ್ಣು ತಿನ್ನುವುದರಿಂದ, ಬಂದದ್ದು. ಲೋಹವನ್ನೂ ಮಂಡೂರವನ್ನೂ ಶುದ್ಧಿಗೊಳಿಸಿ ಔಷಧವಾಗಿ ಕೊಡುವ ಕ್ರಮವೂ ಆ ಶಾಸ್ತ್ರದಲ್ಲಿದೆ. ಅದರ ಜೊತೆಗೆ ನೆಲ್ಲಿಕಾಯಿ ಸೇರಿದ ತ್ರಿಫಲೆಯನ್ನು ಕೂಡಿಸಿದುದರ ಔಚಿತ್ಯ ಮುಂದೆ ತಿಳಿಯುವುದು. ಮಣ್ಣು ತಿಂದರೆ ಬಿಳಿಚಿಕೊಳ್ಳುವರೆಂಬುದು ಹಿರಿಯರ ನಂಬಿಕೆ. ಅದು ಸುಳ್ಳಲ್ಲ, ಮಣ್ಣು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳಬಲ್ಲದು, ಜಂತುಗಳನ್ನೂ ತರಬಲ್ಲದು. ಆದರೆ ಕಬ್ಬಿಣದ ಕೊರತೆಯಿರುವವರಲ್ಲೇ ಮಣ್ಣು ತಿನ್ನುವ ಬಯಕೆ ಹುಟ್ಟುವುದೆಂಬುದು ಈಗ ವೈದ್ಯರು ಒಪ್ಪಿದ ಮಾತು. ಕಾರಣವೆಂದು ಎಣಿಸಿದ್ದು ಅನೇಕ ವೇಳೆ ಕಾರ್ಯವೂ ಆಗಿರುತ್ತದೆ. ತರಗತಿಯಲ್ಲಿ ಬಳಪ ಕಡಿಯುವ, ಗೋಡೆಯ ಸುಣ್ಣ ಕೆರೆದು ನೆಕ್ಕುವ ಮಕ್ಕಳನ್ನು ಕಾಣದ ಉಪಾಧ್ಯಾಯರಿಲ್ಲ. ಆ ಮಕ್ಕಳಿಗೆ ಬೈಗುಳಕ್ಕಿಂತ ಮೊದಲು ಸಲ್ಲಬೇಕಾದುದು ಒಂದು ತೊಟ್ಟು ರಕ್ತದ ಪರೀಕ್ಷೆ. ತಾಯಿತಂದೆಗಳ ಬೀಜದ ಯಾವ ಭಾಗ ದೂಷಿತವಾಗಿದೆಯೋ ಅದರಿಂದಾಗುವ ಅವಯವದಲ್ಲಿಯೇ ಸಂತಾನಕ್ಕೆ ವಿಕಾರ ಉಂಟಾಗುವುದೆಂಬ ಅಭಿಪ್ರಾಯವೂ ಚರಕಸಂಹಿತೆಯ ಶಾರೀರಸ್ಥಾನದಲ್ಲಿದೆ. ಹೀಗೆ ಪಾಂಡುವಿನ ಲಕ್ಷಣವೂ ಬೀಜದೋಷದ ತತ್ತ್ವವೂ ಪೂರ್ವಿಕರಿಗೆ ಗೋಚರವಾಗಿದ್ದವು. ಅವೆರಡೂ ಕೂಡುವ ಸ್ಥಳವನ್ನು ಕಣ್ಣಾರೆ ಕಂಡದ್ದು ಮಾತ್ರ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ವಯಸ್ಕ ಮನುಷ್ಯನ ಶರೀರದಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ. ಒಂದು ಮೊಳೆಗೆ ಸಾಕಾದೀತು. ಅದರ ಬಹುಭಾಗ ಕೆಂಪು ರಕ್ತಕಣಗಳ ಹೀಮೋಗ್ಲೋಬಿನ್‌ನಲ್ಲಿದ್ದು ಪ್ರಾಣವಾಯುವನ್ನು ಹೊರುವ ಕೆಲಸಕ್ಕೆ ನಿಯುಕ್ತವಾಗಿದೆ. ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದು ಅಳಿದಾಗ ಶರೀರವು ಅದರ ಕಬ್ಬಿಣವನ್ನು ಬಿಸಾಡುವುದಿಲ್ಲ. ಸವೆದ ಗುಳವನ್ನು ಕಾಯಿಸಿ ಬಡಿದು ಹೊಸ ಗುಳ ಮಾಡುವ ಕಮ್ಮಾರನಂತೆ ದಿನವೊಂದಕ್ಕೆ 20ರಿಂದ 25 ಮಿಲಿಗ್ರಾಂನಷ್ಟನ್ನು ಹೊಸ ಕಣಗಳಿಗೆ ಮರಳಿ ಬಳಸುತ್ತದೆ. ಹೊರಗಿನಿಂದ ಬರಬೇಕಾದುದು ದಿನಕ್ಕೆ 1 ಅಥವಾ 2 ಮಿಲಿಗ್ರಾಂ ಮಾತ್ರ. ಹೆಚ್ಚಾದ ಕಬ್ಬಿಣವನ್ನು ಹೊರದೂಡುವ ಮಾರ್ಗವನ್ನು ಸೃಷ್ಟಿ ಈ ಶರೀರಕ್ಕೆ ಕೊಟ್ಟಿಲ್ಲ. ಹೊರಬಾಗಿಲಿಲ್ಲದ ಕಣಜಕ್ಕೆ ಒಳಬಾಗಿಲಿನಲ್ಲೇ ಕಾವಲು ಬಿಗಿಯಾಗಿರಬೇಕಷ್ಟೆ. ಸಣ್ಣ ಕರುಳಿನ ಮೊದಲ ಭಾಗವೇ ಆ ಒಳಬಾಗಿಲು.

1962ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ತಳಿವಿಜ್ಞಾನಿ ಫಾಲ್ಕನರ್ ಮತ್ತು ಅವರ ಸಹೋದ್ಯೋಗಿ ಐಸಾಕ್‌ಸನ್ ಒಂದು ಬಗೆಯ ಬಿಳಿಚಿದ ಇಲಿಗಳನ್ನು ವರ್ಣಿಸಿದರು. ಈ ರಕ್ತಹೀನತೆ ಲಿಂಗಸಂಬದ್ಧವಾದುದು. ತಾಯಿಯಿಂದ ಬಂದು ಮುಖ್ಯವಾಗಿ ಗಂಡುಮರಿಗಳಲ್ಲಿ ಪ್ರಕಟವಾಗುವಂಥದು. ಆಹಾರದಲ್ಲಿ ಕೊರತೆಯಿಲ್ಲ, ಒಂದೇ ಗೂಡಿನಲ್ಲಿ ಒಂದೇ ಆಹಾರ ತಿಂದ ಒಡಹುಟ್ಟಿದ ಮರಿಗಳು ಪುಷ್ಟವಾಗಿದ್ದವು. 1967ರಲ್ಲಿ ಪಿಂಕರ್ಟನ್ ಮತ್ತು ಬ್ಯಾನರ್‌ಮನ್ ಎಂಬಿಬ್ಬರು ಇವುಗಳ ಕರುಳನ್ನು ಪರೀಕ್ಷಿಸಿ, ದೋಷವಿರುವುದು ಕಬ್ಬಿಣದ ಹೀರಿಕೆಯಲ್ಲಿ ಎಂದು ತೋರಿಸಿದರು. ಕಬ್ಬಿಣವು ಕರುಳಿನ ಒಳಪೊರೆಯ ಜೀವಕೋಶದೊಳಕ್ಕೆ ಬರುತ್ತಿತ್ತು; ಅಲ್ಲಿಂದ ರಕ್ತಕ್ಕೆ ದಾಟುತ್ತಿರಲಿಲ್ಲ. ಆ ಜೀವಕೋಶಗಳು ಕೆಲವೇ ದಿನ ಬದುಕಿ ಉದುರುವಂಥವು. ಉದುರುವಾಗ ತಮ್ಮಲ್ಲಿ ಕೂಡಿಟ್ಟ ಕಬ್ಬಿಣವನ್ನೂ ಮಲದೊಡನೆ ಹೊರಕ್ಕೆ ಒಯ್ಯುತ್ತಿದ್ದವು. ಜಗಲಿಯವರೆಗೆ ಬಂದ ಅತಿಥಿ ನಡುಮನೆಗೆ ಬಾರದೆ ಹಿಂತಿರುಗಿದ ಹಾಗಾಯಿತು. ಅದೇ ಇಲಿಗಳಿಗೆ ಕಬ್ಬಿಣವನ್ನು ಸೂಜಿಯ ಮೂಲಕ ಕೊಟ್ಟಾಗ ರಕ್ತ ಕೆಂಪೇರಿತು.

ಈ ದೋಷದ ವಂಶವಾಹಿಯನ್ನು ಗುರುತಿಸಲು ಮತ್ತೆ ಮೂರು ದಶಕಗಳು ಬೇಕಾದವು. 1999ರಲ್ಲಿ ಅಮೆರಿಕದ ಕ್ರಿಸ್ ವಲ್ಪ್ ಮತ್ತು ಸಂಗಡಿಗರು ಅದನ್ನು ಕಂಡುಹಿಡಿದು, ಅದರಿಂದಾಗುವ ಪ್ರೋಟೀನಿಗೆ ಹಿಫೇಸ್ಟಿನ್ ಎಂದು ಹೆಸರಿಟ್ಟರು. ಗ್ರೀಕರ ಕಮ್ಮಾರ ದೇವತೆಯ ಹೆಸರು ಹಿಫೇಸ್ಟಸ್. ವಿಜ್ಞಾನಿಗಳಿಗೂ ಒಮ್ಮೊಮ್ಮೆ ಕಾವ್ಯ ಸ್ಫುರಿಸುವುದುಂಟು.

ಮತ್ತೊಂದು ತಳಿಯ ಇಲಿಗಳಲ್ಲಿ ಕೆಟ್ಟಿದ್ದು ಹಿಂಬಾಗಿಲಲ್ಲ, ಮುಂಬಾಗಿಲು. ಅಮೆರಿಕದ ಜಾಕ್ಸನ್ ಪ್ರಯೋಗಶಾಲೆಯಲ್ಲಿ ಕಂಡ ಆ ಇಲಿಗಳ ರಕ್ತಕಣಗಳು ಬಹಳ ಸಣ್ಣವು; ಅವುಗಳ ಕರುಳಿನ ಕೋಶದೊಳಕ್ಕೇ ಕಬ್ಬಿಣ ಪ್ರವೇಶಿಸಲಾರದು. 1997ರಲ್ಲಿ ಬಾಸ್ಟನ್ನಿನ ಮಾರ್ಕ್ ಫ್ಲೆಮಿಂಗ್, ನ್ಯಾನ್ಸಿ ಆಂಡ್ರ್ಯೂಸ್ ಮೊದಲಾದವರು ಇದರ ಮೂಲವನ್ನು ಬಿಡಿಸಿದರು. ಕಬ್ಬಿಣವನ್ನು ಒಳಗೆ ಕರೆತರುವ ಪ್ರೋಟೀನಿನ 185ನೆಯ ಸ್ಥಾನದಲ್ಲಿ ಗ್ಲೈಸಿನ್ ಇರಬೇಕಾದೆಡೆ ಆರ್ಜಿನಿನ್ ಇತ್ತು, ದೋಷ ಇಷ್ಟೇ. ಇದಕ್ಕಿಂತ ಸೋಜಿಗವೆಂದರೆ, ಯುಗೋಸ್ಲಾವಿಯದ ಬೆಲ್‌ಗ್ರೇಡಿನಲ್ಲಿ ಬಹುಕಾಲದ ಹಿಂದೆ ದೊರೆತಿದ್ದ ರಕ್ತಹೀನ ಹೆಗ್ಗಣಗಳನ್ನು 1998ರಲ್ಲಿ ಪರೀಕ್ಷಿಸಿದಾಗ ಅವುಗಳಲ್ಲಿಯೂ ಅದೇ ಸ್ಥಾನದಲ್ಲಿ ಅದೇ ವ್ಯತ್ಯಾಸ ಕಂಡುಬಂದಿತು. ಪರಸ್ಪರ ಸಂಬಂಧವಿಲ್ಲದ ಎರಡು ಓಲೆಯ ಪ್ರತಿಗಳಲ್ಲಿ ಇಬ್ಬರು ಲಿಪಿಕಾರರು ಒಂದೇ ಪದ್ಯದ ಒಂದೇ ಅಕ್ಷರವನ್ನು ಒಂದೇ ರೀತಿಯಲ್ಲಿ ತಪ್ಪಿ ಬರೆದಿದ್ದರೆ ಗ್ರಂಥಸಂಪಾದಕನಿಗೆ ಎಂಥ ಬೆರಗಾದೀತು! ಅಕ್ಷರವೊಂದು ತಪ್ಪಿದರೆ ಪದ್ಯದಲ್ಲಿ ಛಂದೋಭಂಗವಾಗುತ್ತದೆ, ಓದುವವನು ತಿದ್ದಿಕೊಳ್ಳುತ್ತಾನೆ, ಶರೀರದಲ್ಲಿ ತಿದ್ದಿಕೊಳ್ಳುವವರಿಲ್ಲ.

ಬಾಗಿಲುಗಳೆರಡೂ ಸರಿಯಿದ್ದು ಕಾವಲುಗಾರನೇ ಅಡ್ಡಿಯಾದರೆ? ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್ ಎಂಬ ಚಿಕ್ಕ ಪದಾರ್ಥವೇ ಆ ಕಾವಲುಗಾರ ಎಂಬುದು ಈ ಶತಮಾನದ ಆದಿಭಾಗದಲ್ಲಿ, ಮತ್ತೆ ಇಲಿಗಳಿಂದಲೇ, ಸ್ಪಷ್ಟವಾಯಿತು. ಪ್ಯಾರಿಸ್ಸಿನ ವಿಜ್ಞಾನಿಗಳು 2001ರಲ್ಲಿ ಹೆಪ್ಸಿಡಿನ್ ಇಲ್ಲದ ಇಲಿಗಳಲ್ಲಿ ಕಬ್ಬಿಣ ಅತಿಯಾಗಿ ಕೂಡಿಕೊಳ್ಳುವುದನ್ನು ಕಂಡರು. ಮರುವರ್ಷ, ಅದು ಅತಿಯಾಗಿರುವಂತೆ ಮಾಡಿದ ಇಲಿಗಳು ಹುಟ್ಟುವಾಗಲೇ ರಕ್ತಹೀನವಾಗಿರುವುದನ್ನು ಕಂಡರು. ಶರೀರದಲ್ಲಿ ಕಬ್ಬಿಣ ಸಾಕಷ್ಟಿದ್ದಾಗ ಹೆಪ್ಸಿಡಿನ್ ಏರಿ ಬಾಗಿಲು ಮುಚ್ಚುತ್ತದೆ. ಕೊರತೆಯಾದಾಗ ಇಳಿದು ಬಾಗಿಲು ತೆರೆಯುತ್ತದೆ. ಜ್ವರ, ಕೀವು, ದೀರ್ಘವ್ಯಾಧಿಗಳಲ್ಲಿಯೂ ಅದು ಏರುತ್ತದೆ. ಆಗ ಎಷ್ಟು ಗುಳಿಗೆ ನುಂಗಿದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಒಂದು ದಿನ ದೊಡ್ಡ ಪ್ರಮಾಣದ ಗುಳಿಗೆ ನುಂಗಿದರೆ ಮರುದಿನದವರೆಗೂ ಅದು ಏರಿಯೇ ಇರುತ್ತದೆಂದೂ, ಆದಕಾರಣ ದಿನ ಬಿಟ್ಟು ದಿನ ಕೊಟ್ಟದ್ದು ಹೆಚ್ಚು ಪಾಲು ಹೀರಲ್ಪಡುವುದೆಂದೂ ಸ್ವಿಟ್ಸರ್‌ಲೆಂಡಿನ ಸಂಶೋಧಕರು 2017ರಲ್ಲಿ ಕಬ್ಬಿಣದ ಕೊರತೆಯಿದ್ದ ಯುವತಿಯರಲ್ಲಿ ತೋರಿಸಿದರು.

2008ರಲ್ಲಿ ಒಂದು ವಿನೋದವಾದ ಇಲಿ ಹೊರಬಂದಿತು. ಅದರ ಮುಖದ ಮೇಲೆ ರೋಮವಿತ್ತು. ಮೈಮೇಲಿನ ರೋಮವೆಲ್ಲ ಉದುರಿತ್ತು. ನೋಟಕ್ಕೆ ಮುಖವಾಡ ತೊಟ್ಟಂತಿದ್ದುದರಿಂದ ಆ ತಳಿಗೆ ‘ಮಾಸ್ಕ್’ ಎಂದೇ ಹೆಸರಾಯಿತು. ಅದರ ನಿಜವಾದ ರೋಗ ಕಬ್ಬಿಣದ ಕೊರತೆ. ಕಬ್ಬಿಣವನ್ನು ಹೆಚ್ಚಾಗಿ ಕೊಟ್ಟಾಗ ರೋಮ ಮರಳಿ ಬೆಳೆಯಿತು. ಹೆಪ್ಸಿಡಿನ್ನನ್ನು ಹದ್ದಿನಲ್ಲಿಡಬೇಕಾದ ಇನ್ನೊಂದು ವಂಶವಾಹಿ ಅದರಲ್ಲಿ ಕೆಟ್ಟಿತ್ತು. ಆದ್ದರಿಂದ ಕೊರತೆಯಿದ್ದರೂ ಕಾವಲುಗಾರ ಬಾಗಿಲು ತೆರೆಯುತ್ತಿರಲಿಲ್ಲ. ಅದೇ ವರ್ಷ, ಗುಳಿಗೆಗೆ ಜಗ್ಗದ ರಕ್ತಹೀನತೆಯಿದ್ದ ಐದು ಕುಟುಂಬಗಳ ಮನುಷ್ಯರಲ್ಲಿಯೂ ಅದೇ ವಂಶವಾಹಿಯ ದೋಷ ಕಂಡುಬಂದಿತು. ಶೈಶವದಿಂದಲೇ ಬಿಳಿಚಿರುವುದು, ಚೆನ್ನಾಗಿ ಉಂಡರೂ ಗುಳಿಗೆ ನುಂಗಿದರೂ ರಕ್ತ ಏರದಿರುವುದು, ರಕ್ತನಾಳಕ್ಕೆ ಕೊಟ್ಟ ಕಬ್ಬಿಣದಿಂದಲೂ ಅರ್ಧಂಬರ್ಧ ಮಾತ್ರ ಚೇತರಿಸಿಕೊಳ್ಳುವುದು, ಇವು ಈ ರೋಗದ ಲಕ್ಷಣಗಳು. ಇಂಥ ಮಗುವಿನ ತಾಯಿಗೆ ನೆರೆಹೊರೆಯವರು ಏನೆಂದಾರು? ‘ಮಗುವಿಗೆ ನೆಟ್ಟಗೆ ಉಣ್ಣಿಸುವುದಿಲ್ಲ’ ಎನ್ನುವರು. ಮೇಷ್ಟರು ಏನೆಂದಾರು? ‘ಗುಳಿಗೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತಿರಬೇಕು’ ಎನ್ನುವರು. ಉಣ್ಣಿಸಿದ ತಾಯಿ, ನುಂಗಿದ ಮಗು, ಇಬ್ಬರೂ ಮಾಡದ ತಪ್ಪಿಗೆ ತಲೆ ತಗ್ಗಿಸಬೇಕಾಗುತ್ತದೆ.

ಮೈಮೇಲೆ ಕಾಣದ ದೋಷ ಮಕ್ಕಳಲ್ಲಿ ಹೇಗೆ ಪ್ರಕಟವಾಗುತ್ತದೆಂಬುದನ್ನು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ವಿವರಿಸುವುದು ಕಷ್ಟವಲ್ಲ. ಏಷ್ಯಾದಲ್ಲಿಯೇ ಹೆಸರಾದ ಗೂಡಿನ ಮಾರುಕಟ್ಟೆ ಅಲ್ಲಿಯದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೇಷ್ಮೆ ವಿದ್ಯೆಗೆಂದೇ ಮಹಾವಿದ್ಯಾಲಯವೊಂದನ್ನು ಸ್ಥಾಪಿಸಿದ್ದು ನೆರೆಯ ಚಿಂತಾಮಣಿಯಲ್ಲಿ. ಬಣ್ಣದ ಗೂಡು ಕಟ್ಟುವ ಮೈಸೂರು ತಳಿಯನ್ನು ಬಿಳಿಯ ಗೂಡು ಕಟ್ಟುವ ದ್ವಿತಳಿಯೊಡನೆ ಕೂಡಿಸಿದರೆ ಮಿಶ್ರತಳಿಯ ಗೂಡಿನಲ್ಲಿ ಬಣ್ಣವೇ ಮೇಲುಗೈಯಾಗುತ್ತದೆ. ಬಿಳುಪು ಅಳಿಯಿತೇ? ಇಲ್ಲ, ಅಡಗಿತು. ಆ ಮಿಶ್ರತಳಿಯ ಗೂಡಿನಿಂದಲೇ ಬಿತ್ತನೆಯಿಟ್ಟರೆ ಮುಂದಿನ ತಲೆಯಲ್ಲಿ ಬಿಳುಪು ಮತ್ತೆ ತಲೆಯೆತ್ತುತ್ತದೆ. ಆದ್ದರಿಂದಲೇ ಬುದ್ಧಿವಂತ ರೈತ ಪ್ರತಿಬೆಳೆಗೂ ಹೊಸ ಬಿತ್ತನೆಯನ್ನೇ ತರುತ್ತಾನೆ. ಜಪಾನಿನ ತೊಯಾಮ ಎಂಬ ವಿದ್ವಾಂಸರು 1906ರಷ್ಟು ಹಿಂದೆಯೇ ರೇಷ್ಮೆಹುಳುವಿನ ಗೂಡಿನ ಬಣ್ಣದಲ್ಲಿ ಮೆಂಡೆಲ್ಲನ ನಿಯಮವನ್ನು ತೋರಿಸಿಕೊಟ್ಟಿದ್ದರು. ಮೇಲೆ ಹೇಳಿದ ಮನುಷ್ಯರ ರೋಗವೂ ಇದೇ ಜಾಡಿನದು. ತಾಯಿತಂದೆಗಳಿಬ್ಬರೂ ಆರೋಗ್ಯವಂತರು, ಇಬ್ಬರಲ್ಲಿಯೂ ಒಂದೊಂದು ಕೆಟ್ಟ ಪ್ರತಿ ಅಡಗಿದೆ, ಪ್ರತಿಯೊಂದು ಮಗುವಿಗೂ ಎರಡೂ ಕೆಟ್ಟ ಪ್ರತಿಗಳೇ ಸಿಕ್ಕುವ ಸಂಭವ ನಾಲ್ಕರಲ್ಲೊಂದು.

ಇಬ್ಬರಲ್ಲಿಯೂ ಒಂದೇ ಕೆಟ್ಟ ಪ್ರತಿ ಇರುವ ಸಂಭವ ಹೆಚ್ಚುವುದು ಯಾವಾಗ? ಇಬ್ಬರೂ ಒಂದೇ ಅಜ್ಜನ ಕುಡಿಗಳಾದಾಗ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವುದು ಈ ಸೀಮೆಯ ಕನ್ನಡಿಗರಲ್ಲಿಯೂ ತೆಲುಗರಲ್ಲಿಯೂ ಬಹುಕಾಲದಿಂದ ಬಂದ ರೂಢಿ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ನವಜಾತ ಶಿಶುಗಳ ತಾಯಿತಂದೆಗಳನ್ನು ವಿಚಾರಿಸಿದಾಗ ಹೆಚ್ಚುಕಡಮೆ ಮೂರರಲ್ಲೊಂದು ವಿವಾಹ ರಕ್ತಸಂಬಂಧಿಗಳ ನಡುವಿನದಾಗಿತ್ತು. ಇತ್ತೀಚಿನ ಸಮೀಕ್ಷೆಯಲ್ಲಿಯೂ ಕರ್ನಾಟಕದ ಸುಮಾರು ಕಾಲುಭಾಗ ವಿವಾಹಗಳು ಅಂಥವೇ. ಈ ರೂಢಿಯನ್ನು ಒಂದೇ ಮಾತಿನಲ್ಲಿ ಹಳಿಯುವುದು ಸುಲಭ. ಅದರ ಹಿಂದೆ ಹೊಲ ಒಡೆಯಬಾರದೆಂಬ ಲೆಕ್ಕವೂ ಇತ್ತು, ಹೆಣ್ಣುಮಗಳು ಕಂಡವರ ಮನೆಗೆ ಹೋಗಿ ಕಷ್ಟಪಡಬಾರದೆಂಬ ಅಂತಃಕರಣವೂ ಇತ್ತು. ಆದರೆ ರೇಷ್ಮೆಹುಳುವಿನ ಬಿತ್ತನೆಯಲ್ಲಿ ತೋರುವ ಎಚ್ಚರಿಕೆಯನ್ನು ಸ್ವಂತ ಸಂತಾನದ ವಿಷಯದಲ್ಲಿಯೂ ತೋರಬಹುದೆಂದು ಬೆಳೆಗಾರನಿಗೆ ಹೇಳಿದರೆ ಅವನು ಕೋಪಿಸಿಕೊಳ್ಳಲಾರ, ಯೋಚಿಸಿಯಾನು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಈ ರೋಗ ಅತಿ ವಿರಳ. ಲಕ್ಷ ಮಕ್ಕಳು ಸಾಧಾರಣ ಕೊರತೆಯಿಂದ ಬಳಲುತ್ತಿರುವಾಗ ಎಲ್ಲೋ ಇರುವ ಒಂದು ಮಗುವಿಗಾಗಿ ಇಷ್ಟು ಮಾತೇಕೆ? ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಒಂದು ಮಗುವನ್ನು ಹುಡುಕುವ ಸಾಧನವೇ ಉಳಿದ ಅನೇಕರನ್ನೂ ಹುಡುಕಿ ಕೊಡುತ್ತದೆ ಎಂಬುದನ್ನು ಆಕ್ಷೇಪಿಸುವವರು ಮರೆಯುತ್ತಾರೆ. ಗುಳಿಗೆ ನುಂಗಿದರೂ ರಕ್ತ ಏರದ ಮಕ್ಕಳಲ್ಲಿ ಕೆಲವರಿಗೆ ಕೊಕ್ಕೆಹುಳುವಿನ ಬಾಧೆ ಇರಬಹುದು. ಕೆಲವರು ಥಲಸೇಮಿಯಾದ ವಾಹಕರಾಗಿರಬಹುದು. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಅಂಥವರೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅದೂ ವಂಶಪಾರಂಪರ್ಯವಾದುದೇ, ಅದರಲ್ಲಿಯೂ ರಕ್ತಕಣ ಸಣ್ಣದು, ನೋಟಕ್ಕೆ ಕಬ್ಬಿಣದ ಕೊರತೆಯಂತೆಯೇ. ಆದರೆ ಅಲ್ಲಿ ಕಬ್ಬಿಣದ ಕೊರತೆ ಇರಲೇಬೇಕೆಂದಿಲ್ಲ, ಇಲ್ಲದಾಗ ಗುಳಿಗೆ ವ್ಯರ್ಥ. ಅಂಥ ಇಬ್ಬರು ವಾಹಕರು ತಿಳಿಯದೆ ಮದುವೆಯಾದರೆ ಹುಟ್ಟುವ ಮಗುವಿಗೆ ಜೀವಮಾನವೆಲ್ಲ ಪರರ ರಕ್ತ ಬೇಕಾದೀತು. ಇನ್ನು ಕೆಲವರಿಗೆ ಕೊರತೆಯಿರುವುದು ಬಿ-12 ಜೀವಸತ್ವದಲ್ಲಿ. ಶಾಕಾಹಾರಿಗಳಾದ ಮನೆತನಗಳಲ್ಲಿ, ಹಾಲು ಮೊಸರೂ ಸಾಲದಾದಾಗ, ಇದು ಸಾಮಾನ್ಯ. ಮತ್ತೆ ಕೆಲವರು ಗುಳಿಗೆಯನ್ನು ನಿಜವಾಗಿಯೂ ಕಿಟಕಿಯಿಂದ ಎಸೆದಿರಬಹುದು. ಹಂಚಿದ ಗುಳಿಗೆಗಳ ಲೆಕ್ಕದಲ್ಲಿ ಈ ಮಕ್ಕಳೆಲ್ಲರೂ ಒಂದೇ. ಎರಡನೆಯ ಸಲ ರಕ್ತವನ್ನು ಅಳೆದಾಗ ಮಾತ್ರ ಅವರು ಬೇರೆ ಬೇರೆಯಾಗಿ ಕಾಣಿಸಿಕೊಳ್ಳುತ್ತಾರೆ.

ಈ ಸೀಮೆಗೆ ವಿಶೇಷವಾದ ಇನ್ನೊಂದು ಸಂದೇಹವೂ ಉಂಟು. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದ ಮೇಲೆ ಹಲವೆಡೆ ಮೇಲೆ ಬಂದ ನೀರಿನಲ್ಲಿ ಫ್ಲೋರೈಡು ಮಿತಿಗಿಂತ ಅಧಿಕವಾಗಿದೆ. ಕಂದುಗಟ್ಟಿದ ಹಲ್ಲುಗಳೇ ಅದಕ್ಕೆ ಗುರುತು. ಫ್ಲೋರೈಡು ಜಠರ ಮತ್ತು ಕರುಳಿನ ಒಳಪೊರೆಯನ್ನು ಕೆಡಿಸಬಲ್ಲದೆಂದೂ, ಗರ್ಭಿಣಿಯರ ಆಹಾರ ಜಲಗಳಲ್ಲಿ ಅದನ್ನು ಕಡಮೆ ಮಾಡಿ ಪೋಷಣೆ ಹೆಚ್ಚಿಸಿದಾಗ ಹೀಮೋಗ್ಲೋಬಿನ್ ಏರಿತೆಂದೂ ದೆಹಲಿಯ ಎ. ಕೆ. ಸುಶೀಲಾ ಅವರು 2010ರಲ್ಲಿ ಪ್ರಕಟಿಸಿದರು. ಕಬ್ಬಿಣದ ಬಾಗಿಲು ಇರುವುದೇ ಆ ಒಳಪೊರೆಯಲ್ಲಿ ಎಂಬುದನ್ನು ನೆನೆದರೆ, ಗುಳಿಗೆಗೆ ಜಗ್ಗದ ಮಗುವಿನ ಮನೆಯ ನೀರನ್ನೂ ಪರೀಕ್ಷಿಸಬೇಕೆಂಬುದು ವಿಶದವಾಗುತ್ತದೆ.

ಇಲಿಯ ಸಾಕ್ಷ್ಯಕ್ಕೂ ಒಂದು ಮಿತಿಯಿದೆ. ಇಲಿ ತನಗೆ ಬೇಕಾದ ಸಿ ಜೀವಸತ್ವವನ್ನು ತನ್ನ ಯಕೃತ್ತಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ; ಮನುಷ್ಯನಿಗೆ ಆ ಸಾಮರ್ಥ್ಯವಿಲ್ಲ. ಧಾನ್ಯ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವು ಕರುಳಿನ ಮುಂಬಾಗಿಲನ್ನು ದಾಟಬೇಕಾದರೆ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗಬೇಕು. ಆ ಬದಲಾವಣೆಗೆ ಸಿ ಜೀವಸತ್ವ ಸಹಾಯಕ. ಆದ್ದರಿಂದ ಊಟದೊಡನೆ ನಿಂಬೆಹಣ್ಣು ಬೇಕೆ ಬೇಡವೆ ಎಂಬ ಪ್ರಶ್ನೆಗೆ ಇಲಿಯಿಂದ ಉತ್ತರ ದೊರೆಯದು. ಅದಕ್ಕೆ ಉತ್ತರ ದೊರೆತದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವಿಜ್ಞಾನಿಗಳು ತರುಣಿಯರಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಿಂದ. ಊಟದೊಡನೆ ಸಿ ಜೀವಸತ್ವವಿದ್ದಾಗ ಕಬ್ಬಿಣದ ಹೀರಿಕೆ ಬಹಳ ಹೆಚ್ಚಿತು. ಚಹಾ ಕುಡಿದಾಗ ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಕಬ್ಬಿಣಕ್ಕೆ ನೆಲ್ಲಿಕಾಯಿಯನ್ನು ಜೋಡಿಸಿದ ಪ್ರಾಚೀನ ವೈದ್ಯರ ಯೋಜನೆಯಲ್ಲಿ ಅನುಭವದ ಬಲವಿತ್ತೆಂದು ಊಹಿಸಲು ಇಷ್ಟು ಸಾಕು.

ರಾಗಿಯ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ರಾಗಿಯಲ್ಲಿ ಕಬ್ಬಿಣವಿರುವುದು ಎಷ್ಟು ನಿಜವೋ, ಅದನ್ನು ಬಿಡದೆ ಹಿಡಿದುಕೊಳ್ಳುವ ಫೈಟೇಟು ಮತ್ತು ಒಗರಿನ ಅಂಶಗಳೂ ಅದರಲ್ಲಿಯೇ ಇರುವುದು ಅಷ್ಟೇ ನಿಜ. ಮೂಳೆಗೆ ಹಿತವಾದ ಸುಣ್ಣದ ಅಂಶವೂ ಕಬ್ಬಿಣದ ಪ್ರವೇಶಕ್ಕೆ ಸ್ವಲ್ಪ ಅಡ್ಡಿಯೇ. ಹಾಗೆಂದು ಮುದ್ದೆಯನ್ನು ಬಿಡಬೇಕಾಗಿಲ್ಲ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿ ಮಗುವಿಗೆ ಸರಿ ಕಾಯಿಸುವ ಅಜ್ಜಿಯರ ಕ್ರಮದಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಧಾನ್ಯ ಮತ್ತು ಕಾಳುಗಳನ್ನು ಜೀರ್ಣಕ್ರಿಯೆಯ ಅನುಕರಣೆಗೆ ಒಳಪಡಿಸಿ ನೋಡಿದಾಗ, ಈರುಳ್ಳಿ ಬೆಳ್ಳುಳ್ಳಿ ಬೆರೆತಲ್ಲಿ ಕಬ್ಬಿಣ ಹೆಚ್ಚಾಗಿ ಬಿಡುಗಡೆಯಾಯಿತೆಂದು 2010ರಲ್ಲಿ ವರದಿಯಾಗಿದೆ. ಇದು ಗಾಜಿನ ಕೊಳವೆಯ ಫಲಿತಾಂಶವಾದ್ದರಿಂದ ಮೈಯೊಳಗೂ ಅಷ್ಟೇ ಆಗುವುದೆಂದು ಹೇಳಲಾಗದು. ಆದರೂ ಬಸ್ಸಾರಿನ ಒಗ್ಗರಣೆಗೆ ಹಾನಿಯೇನೂ ಇಲ್ಲ. ವಿದ್ಯಾರ್ಥಿನಿಲಯದ ಪಾಕಶಾಲೆಗಳಲ್ಲಿ ಆಗಬೇಕಾದುದು ಅಲ್ಪ: ಊಟದ ಪಂಕ್ತಿಯಲ್ಲಿ ನಿಂಬೆಯ ಹೋಳು ಅಥವಾ ನೆಲ್ಲಿಕಾಯಿ, ಸೀಬೆಯ ಕಾಲದಲ್ಲಿ ಸೀಬೆಹಣ್ಣು, ಊಟವಾದ ಕೂಡಲೆ ಕಾಫಿ ಚಹಾಗಳ ನಿಷೇಧ. ಇಷ್ಟಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಾಗಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿ ನಾಡಿನಲ್ಲಿ ದೊಡ್ಡ ಚರ್ಚೆಗೆ ಕಾರಣರಾದರು. ಆ ಚರ್ಚೆಯಲ್ಲಿ ಯಾರ ಪಕ್ಷ ಹಿಡಿದರೂ ಸರಿಯೆ, ಪರೀಕ್ಷಿಸಿ ಒಪ್ಪಬೇಕೆಂಬ ಅವರ ಹಟವನ್ನು ವಿದ್ಯಾಸಂಸ್ಥೆಗಳು ಅಲ್ಲಗಳೆಯಲಾರವು. ಗುಳಿಗೆ ಕೊಟ್ಟೆವು, ಗುಣವಾಗಿರಲೇಬೇಕು ಎಂಬ ನಂಬಿಕೆಯೂ ಪವಾಡದ ನಂಬಿಕೆಯ ಒಂದು ಪ್ರಭೇದವೇ. ಅದರ ಮೇಲೆ ಸರಕಾರದ ಮೊಹರು ಇದೆಯೆಂಬುದಷ್ಟೇ ವ್ಯತ್ಯಾಸ. ಸರಕಾರದ ಮಾರ್ಗಸೂಚಿಯಾದರೂ ಹಾಗೆ ಹೇಳುವುದಿಲ್ಲ. 2018ರ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ, ರಕ್ತಹೀನತೆ ಕಂಡ ಮಗುವಿಗೆ ಚಿಕಿತ್ಸೆ ಆರಂಭಿಸಿ ಮತ್ತೆ ಅಳೆಯಬೇಕೆಂದೂ, ಒಂದು ತಿಂಗಳಲ್ಲಿ ಡೆಸಿಲೀಟರಿಗೆ 1 ಗ್ರಾಂನಷ್ಟಾದರೂ ಹೀಮೋಗ್ಲೋಬಿನ್ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕೆಂದೂ ವಿಧಿಸಲಾಗಿದೆ. ವಿಧಿ ಕಾಗದದಲ್ಲಿದೆ, ಅದನ್ನು ಆಚರಣೆಗೆ ತರಬೇಕಾದ ಶಾಲೆಯ ವಹಿಯಲ್ಲಿ ಅದಕ್ಕೆ ಎಡೆಯಾಗಬೇಕು.

ಉಪಾಧ್ಯಾಯರ ಮೇಲೆ ಇನ್ನೊಂದು ಹೊರೆಯೇ ಎಂದು ಕೇಳುವವರಿದ್ದಾರೆ. ಜನಗಣತಿ, ಚುನಾವಣೆ, ಅಕ್ಕಿ ಬೇಳೆಯ ಲೆಕ್ಕಗಳಿಂದ ಬೇಸತ್ತವರ ಪ್ರಶ್ನೆ ಅದು, ಅದರಲ್ಲಿ ಹುರುಳಿಲ್ಲದಿಲ್ಲ. ಆದಕಾರಣ ಈ ಹೊರೆಯನ್ನು ಹಂಚಿಕೊಳ್ಳಬೇಕಾದವರು ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು. ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಓದಿ ವೈದ್ಯರಾದವರು, ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ವರ್ಷದಲ್ಲಿ ಎರಡು ದಿನ, ಆಷಾಢದಲ್ಲೊಮ್ಮೆ ಶ್ರಾವಣದಲ್ಲೊಮ್ಮೆ, ಅವರು ತಾವು ಓದಿದ ಶಾಲೆಗೆ ಬಂದರೆ ಸಾಕು. ಮೊದಲ ದಿನ ಎಲ್ಲ ಮಕ್ಕಳ ರಕ್ತವನ್ನು ಅಳೆಯುವುದು. 5ರಿಂದ 11 ವರ್ಷದ ಮಗುವಿಗೆ 11.5 ಗ್ರಾಂ, 12ರಿಂದ 14ರ ಮಗುವಿಗೆ 12 ಗ್ರಾಂ, ಇದಕ್ಕೆ ಕಡಮೆಯಿದ್ದರೆ ರಕ್ತಹೀನತೆ. ಹಾಗೆ ಕಂಡವರಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಒಂದು ತಿಂಗಳ ಚಿಕಿತ್ಸೆ. ಎರಡನೆಯ ದಿನ ಅವರನ್ನಷ್ಟೇ ಮತ್ತೆ ಅಳೆಯುವುದು. ಏರದೆ ಉಳಿದವರು ಕೆಲವರೇ ಇರುತ್ತಾರೆ. ಅವರನ್ನು ಕರೆದುಕೊಂಡು ಹೋಗಿ, ರಕ್ತಕಣದ ಗಾತ್ರ, ಫೆರಿಟಿನ್, ಥಲಸೇಮಿಯಾದ ಪರೀಕ್ಷೆ, ಬೇಕಾದರೆ ಬೆಂಗಳೂರಿನಲ್ಲಿ ವಂಶವಾಹಿಯ ಪರೀಕ್ಷೆ, ಇಷ್ಟನ್ನು ಮಾಡಿಸುವ ವೆಚ್ಚ ಒಂದು ಕೊಠಡಿ ಕಟ್ಟಿಸುವ ವೆಚ್ಚದ ಮುಂದೆ ಏನೂ ಅಲ್ಲ. ಕೊಠಡಿಗೆ ದಾನಿಯ ಹೆಸರಿನ ಕಲ್ಲನ್ನು ಕೂಡಿಸಬಹುದು, ರಕ್ತಪರೀಕ್ಷೆಗೆ ಕೂಡಿಸಲಾಗದು ಎಂಬ ತೊಡಕೊಂದುಂಟು, ನಿಜ.

ಪರೀಕ್ಷೆಯ ಫಲವನ್ನು ಮಗುವಿನ ತಾಯಿಗೆ ಹೇಳುವಾಗ ಎಚ್ಚರ ಬೇಕು. ವಂಶದಲ್ಲಿ ದೋಷವಿದೆಯೆಂಬ ಮಾತು ಊರಿನಲ್ಲಿ ಹಬ್ಬಿದರೆ ಆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಕೂಡುವುದು ಕಷ್ಟವಾದೀತು. ಆದಕಾರಣ ವಹಿಯ ಆ ಹಾಳೆ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗದೊಳಗಿರತಕ್ಕದ್ದು. ವಿಷಯವನ್ನು ತಿಳಿಸುವವರು ವೈದ್ಯರೇ ಆಗಿರತಕ್ಕದ್ದು. ಸ್ಮರಣ ಸಂಚಿಕೆಗಳಲ್ಲಿ ವರ್ಷವರ್ಷವೂ ಉತ್ತೀರ್ಣರಾದವರ ಶೇಕಡಾವಾರು ಪಟ್ಟಿ ಅಚ್ಚಾಗುತ್ತದೆ. ಮೊದಲ ಸಲ ಅಳೆದವರೆಷ್ಟು, ಬಿಳಿಚಿದವರೆಷ್ಟು, ಒಂದು ತಿಂಗಳಲ್ಲಿ ಏರಿದವರೆಷ್ಟು, ಏರದೆ ಉಳಿದವರೆಷ್ಟು, ಅವರಲ್ಲಿ ಕಾರಣ ತಿಳಿದದ್ದು ಎಷ್ಟು ಮಂದಿಗೆ ಎಂಬ ಐದು ಸಂಖ್ಯೆಗಳನ್ನು, ಹೆಸರುಗಳಿಲ್ಲದೆ, ಆ ಪಟ್ಟಿಯ ಕೆಳಗೆ ಸೇರಿಸಿದರೆ ಸಂಪಾದಕರಿಗೆ ತಗಲುವ ಸ್ಥಳ ಎರಡು ಸಾಲು ಮಾತ್ರ.